ಟ್ರಿಗರ್ ಒಳಗೇ ಎಲ್ಲಾ ತುಂಬಿಸಿಬಿಟ್ಟಿದ್ದೀವಿ, ಈಗೇನ್ ಮಾಡೋದು?

ಪ್ರಶ್ನೆ: ಸರ್, ಸೇಲ್ಸ್‌ಫೋರ್ಸ್‌ನಲ್ಲಿ (ಕಂಪನಿಗಳು ಗ್ರಾಹಕರ, ಮಾರಾಟದ ಮಾಹಿತಿ ಇಡೋ ಆನ್‌ಲೈನ್ ವ್ಯವಸ್ಥೆ) ಎರಡು ವರ್ಷದಿಂದ ಅದರ ಪ್ರೋಗ್ರಾಮಿಂಗ್ ಭಾಷೆ ಏಪೆಕ್ಸ್ ಬರೀತಿದ್ದೀನಿ. ನಮ್ಮ ಆರ್ಡರ್ ಟ್ರಿಗರ್, ಅಂದ್ರೆ ಆರ್ಡರ್ ಸೇವ್ ಮಾಡಿದಾಗ ತಾನೇ ಓಡೋ ಕೋಡ್, 800 ಸಾಲು ದಾಟಿದೆ. ಒಂದೊಂದೇ ಆರ್ಡರ್ ಸೇವ್ ಮಾಡಿದ್ರೆ ಸರಿಯಾಗೇ ಇರುತ್ತೆ, ಡೇಟಾ ಲೋಡರ್ ಅನ್ನೋ ಟೂಲ್‌ನಲ್ಲಿ ತುಂಬಾ ಆರ್ಡರ್ ಒಟ್ಟಿಗೆ ಹಾಕಿದ್ರೆ 'ಟೂ ಮೆನಿ ಎಸ್‌ಓಕ್ಯೂಎಲ್ ಕ್ವೆರೀಸ್: 101' ಅಂತ ಎರರ್ ಬೀಳುತ್ತೆ (ಎಸ್‌ಓಕ್ಯೂಎಲ್ ಅಂದ್ರೆ ಸೇಲ್ಸ್‌ಫೋರ್ಸ್‌ನಲ್ಲಿ ಡೇಟಾ ಹುಡುಕೋ ಕ್ವೆರಿ ಭಾಷೆ). ಸರ್ವಿಸ್, ಡೊಮೈನ್, ಸೆಲೆಕ್ಟರ್ ಅಂತ ಲೇಯರ್ ಮಾಡಿ ಅಂತಾರೆ, ಇಷ್ಟೆಲ್ಲಾ ನಿಜವಾಗ್ಲೂ ಬೇಕಾ? ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಬೇಕು, ಆದ್ರೆ ಎಲ್ಲಾ ಒಂದೇ ಸಲಕ್ಕೆ ಬೇಡ. ಮೊದ್ಲು ಆ 101 ಎಲ್ಲಿಂದ ಬಂತು ನೋಡಿ. ಒಂದೇ ಸರ್ವರನ್ನ ತುಂಬಾ ಕಂಪನಿಗಳು ಹಂಚ್ಕೊಂಡಿರೋದ್ರಿಂದ ಒಂದು ಟ್ರಾನ್ಸಾಕ್ಷನ್‌ಗೆ 100 ಕ್ವೆರಿ, 150 ಡಿಎಂಎಲ್ (ಡೇಟಾ ಸೇವ್ ಮಾಡೋ, ಅಳಿಸೋ ಆಜ್ಞೆ) ಅಂತ ಮಿತಿ ಇದೆ, ಟ್ರಿಗರ್‌ಗೆ ಒಂದು ಸಲಕ್ಕೆ 200 ರೆಕಾರ್ಡ್ ತನಕ ಬರುತ್ತೆ, ನೀವು ಲೂಪ್ ಒಳಗೆ ಗ್ರಾಹಕರ ಕ್ರೆಡಿಟ್ ಲಿಮಿಟ್ ಹುಡುಕೋಕೆ ಒಂದು ಕ್ವೆರಿ ಇಟ್ಟಿದ್ರೂ ಸಾಕು, 101ನೇ ಆರ್ಡರ್‌ಗೆ ಕಥೆ ಮುಗೀತು. ಈ ಎರರನ್ನ ಟ್ರೈ-ಕ್ಯಾಚ್ ಹಾಕಿ ಹಿಡಿಯೋಕೂ ಆಗಲ್ಲ.

ಅದಕ್ಕೇ ನಾನು ಸೆಲೆಕ್ಟರ್‌ನಿಂದ ಶುರು ಮಾಡಿ ಅಂತೀನಿ. ಅಕೌಂಟ್ (ಗ್ರಾಹಕರ ರೆಕಾರ್ಡ್) ಕ್ವೆರಿಗಳೆಲ್ಲಾ ಒಂದೇ ಕ್ಲಾಸಿಗೆ ಹೋಗ್ಲಿ, ಮೆಥಡ್‌ಗೆ ಒಂದು ಐಡಿ ಕೊಡ್ಬೇಡಿ, ಐಡಿಗಳ ಸೆಟ್ ಕೊಡಿ, ಐಡಿ ಕೊಟ್ರೆ ರೆಕಾರ್ಡ್ ಸಿಗೋ ಮ್ಯಾಪ್ ವಾಪಸ್ ತಗೊಳ್ಳಿ. 200 ಆರ್ಡರ್‌ಗೂ ಒಂದೇ ಕ್ವೆರಿ. ಜೊತೆಗೆ ಯಾವ ಫೀಲ್ಡ್ ತರ್ಬೇಕು ಅನ್ನೋದು ಒಂದೇ ಕಡೆ ಇರುತ್ತಲ್ಲ, ಇನ್ನೊಬ್ರು ಬರೆದ ಕ್ವೆರಿಯಲ್ಲಿ ಫೀಲ್ಡ್ ಬಿಟ್ಟುಹೋಗಿ ರನ್ ಆಗುವಾಗ ಬೀಳೋ ಆ ಕಾಟ ತಪ್ಪುತ್ತೆ. ನನಗಂತೂ ಇದೇ ದೊಡ್ಡ ಲಾಭ ಅನ್ಸುತ್ತೆ.

ಆಮೇಲೆ ಸರ್ವಿಸ್. 'ಆರ್ಡರ್ ಕ್ಯಾನ್ಸಲ್ ಮಾಡು' ಅನ್ನೋ ಕೆಲಸ ಸ್ಕ್ರೀನ್‌ನ ಬಟನ್‌ನಿಂದ ಬರುತ್ತೆ, ರಾತ್ರಿ ಓಡೋ ಬ್ಯಾಚ್‌ನಿಂದ ಬರುತ್ತೆ, ಹೊರಗಿನ ಎಪಿಐಯಿಂದಲೂ ಬರುತ್ತೆ, ಮೂರೂ ಕಡೆ ಅದೇ ಲಾಜಿಕ್ ಕಾಪಿ ಆಗಿದ್ರೆ ಒಂದಿನ ಒಂದು ಕಡೆ ತಿದ್ದಿ ಇನ್ನೆರಡು ಕಡೆ ಮರೀತೀರಿ. ಸರ್ವಿಸ್‌ನಲ್ಲಿ ಒಂದೇ ಮೆಥಡ್ ಇರ್ಲಿ, ಎಲ್ರೂ ಅದನ್ನೇ ಕರೀಲಿ. ಸೇವ್ ಮಾಡೋದನ್ನ ಯೂನಿಟ್ ಆಫ್ ವರ್ಕ್‌ಗೆ (ಸೇವ್ ಆಗ್ಬೇಕಾದ್ದನ್ನೆಲ್ಲಾ ಕೂಡಿಟ್ಟು ಕೊನೇಲಿ ಒಟ್ಟಿಗೆ ಸೇವ್ ಮಾಡೋ ಕ್ಲಾಸ್) ಬಿಡಿ, ಹೊಸ ಆರ್ಡರ್ ಮತ್ತೆ ಅದರ ಐಟಂಗಳನ್ನ ರಿಜಿಸ್ಟರ್ ಮಾಡ್ತಾ ಹೋದ್ರೆ ಕೊನೇಲಿ ಕಮಿಟ್ ಮಾಡುವಾಗ ಅದೇ ಮೊದ್ಲು ಆರ್ಡರ್ ಹಾಕಿ, ಬಂದ ಐಡಿಯನ್ನ ಐಟಂಗಳಿಗೆ ತುಂಬಿ, ಆಮೇಲೆ ಅವನ್ನ ಹಾಕುತ್ತೆ.

ಡೊಮೈನ್ ಕೊನೇಗಿರ್ಲಿ. ವ್ಯಾಲಿಡೇಶನ್, ಡಿಫಾಲ್ಟ್ ಬೆಲೆ ಇಂಥದ್ದು ಅಲ್ಲಿಗೆ, ಟ್ರಿಗರ್‌ನಲ್ಲಿ ಉಳಿಯೋದು ಅದನ್ನ ಕರೆಯೋ ಒಂದು ಸಾಲು ಅಷ್ಟೇ. ಸರ್ವಿಸ್ ಲೇಯರ್, ಯೂನಿಟ್ ಆಫ್ ವರ್ಕ್ ಇವನ್ನೆಲ್ಲಾ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2002ರಲ್ಲೇ ತಮ್ಮ ಪುಸ್ತಕದಲ್ಲಿ ವಿವರಿಸಿದ್ರು, ಆಂಡ್ರ್ಯೂ ಫಾಸೆಟ್ ಏಪೆಕ್ಸ್‌ಗೆ ಹೊಂದಿಸಿ ತಂದ್ರು, ಎಫ್‌ಎಫ್‌ಲಿಬ್ ಅನ್ನೋ ಓಪನ್ ಸೋರ್ಸ್ ಲೈಬ್ರರಿಯೂ ಇದೆ. ಟ್ರಿಗರ್ ಎರಡೋ ಮೂರೋ ಇರೋ ಚಿಕ್ಕ ಆರ್ಗ್‌ಗೆ (ಒಂದು ಕಂಪನಿಯ ಸೇಲ್ಸ್‌ಫೋರ್ಸ್ ಸೆಟಪ್) ಆ ಲೈಬ್ರರಿ ಭಾರ ಆಗುತ್ತೆ, ಕ್ಲಾಸ್‌ಗಳನ್ನ ಬೇರೆ ಮಾಡಿದ್ರೆ ಸಾಕು.

ಒಂದು ಸಾಲು ಮುಟ್ಟೋ ಮುಂಚೆ ಮಾತ್ರ 200 ಆರ್ಡರ್ ಒಟ್ಟಿಗೆ ಇನ್ಸರ್ಟ್ ಮಾಡೋ ಟೆಸ್ಟ್ ಬರೀರಿ. ಈಗ ಅದು ಫೇಲ್ ಆಗ್ಬೇಕು. ಪಾಸ್ ಆದ್ಮೇಲೆ ಎಷ್ಟು ಕ್ವೆರಿ ಓಡಿತು ಅಂತ ಹೇಳೋ ಲಿಮಿಟ್ಸ್ ಕ್ಲಾಸ್‌ನ ಗೆಟ್‌ಕ್ವೆರೀಸ್ ಪ್ರಿಂಟ್ ಮಾಡಿ ನೋಡಿ, 10 ಆರ್ಡರ್‌ಗೆ ಬಂದ ಸಂಖ್ಯೆಯೇ 200ಕ್ಕೂ ಬಂದ್ರೆ ಮುಂದಿನ ಟ್ರಿಗರ್‌ಗೆ ಕೈ ಹಾಕಿ.