ಹೊಸ ಬ್ಯಾಟರಿ ಹಾಕಿದರೂ ಹಳೆಯ ಜಾವಾದ ಹೆಡ್‌ಲೈಟ್ ಮಂಕಾಗಿ ಉರಿಯುವುದೇಕೆ? ದೋಷ ಹುಡುಕುವುದು ಹೇಗೆ?

ಹೆಚ್ಚಿನ ಸಂದರ್ಭಗಳಲ್ಲಿ ದೋಷವಿರುವುದು ಅರ್ಥಿಂಗಿನಲ್ಲಿ, ಅಂದರೆ ವಿದ್ಯುತ್ತು ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಯಲ್ಲಿ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಹಳೆಯ ಜಾವಾಗಳದು 6 ವೋಲ್ಟಿನ ವ್ಯವಸ್ಥೆಯಾದ್ದರಿಂದ, ತುಕ್ಕು ಹಿಡಿದ ಬೋಲ್ಟೊಂದು 1 ವೋಲ್ಟನ್ನು ನುಂಗಿದರೂ ಆರರಲ್ಲಿ ಒಂದು ಪಾಲು ಹೋದಂತೆ. ಬೆಳಕು ಅದಕ್ಕಿಂತಲೂ ಹೆಚ್ಚು ಕುಗ್ಗುತ್ತದೆ.

ಇಂಜಿನ್ ನಿಲ್ಲಿಸಿ, ಹೆಡ್‌ಲೈಟ್ ಹಾಕಿಕೊಂಡೇ ಪರೀಕ್ಷಿಸಬೇಕು, ಏಕೆಂದರೆ ಕರೆಂಟು ಹರಿಯದಿರುವಾಗ ಕೆಟ್ಟ ಜೋಡಣೆಯೂ ಪೂರ್ತಿ ವೋಲ್ಟೇಜನ್ನೇ ತೋರಿಸಿ ದಾರಿ ತಪ್ಪಿಸುತ್ತದೆ. ಮಲ್ಟಿಮೀಟರನ್ನು ಡಿ.ಸಿ. ವೋಲ್ಟಿಗೆ ತಿರುಗಿಸಿ, ಅದರ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಬಲ್ಬ್ ಹೋಲ್ಡರಿನ ಲೋಹಕ್ಕೂ ಮುಟ್ಟಿಸಿದಾಗ ಅಂಕಿ ಸೊನ್ನೆಗೆ ಹತ್ತಿರವಿರಬೇಕು. ಅರ್ಧ ವೋಲ್ಟು ಕಂಡರೆ, ಎರಡನೆಯ ಕಡ್ಡಿಯನ್ನು ಹ್ಯಾಂಡಲ್, ಚಾಸಿ, ಅರ್ಥ್ ಬೋಲ್ಟು ಎಂದು ಬ್ಯಾಟರಿಯತ್ತ ಸರಿಸುತ್ತ ಬನ್ನಿ. ಅಂಕಿ ಎಲ್ಲಿ ಥಟ್ಟನೆ ಇಳಿಯುತ್ತದೆಯೋ, ಅದರ ಹಿಂದಿನ ಜೋಡಣೆಯೇ ಕೆಟ್ಟಿದೆ.

ಹೊಸದಾಗಿ ಬಣ್ಣ ಹೊಡೆಸಿದ ಗಾಡಿಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು, ಅರ್ಥ್ ವಾಷರಿನ ಕೆಳಗೂ ಹೊಳೆಯುವ ಬಣ್ಣ. ಅಲ್ಲಿ ಉಪ್ಪುಕಾಗದದಿಂದ ಉಜ್ಜಿ, ಬಿಳಿ ಲೋಹ ಕಂಡ ಮೇಲೆ ಬಿಗಿಯಿರಿ. ಅರ್ಥಿಂಗ್ ಸರಿಯಿದ್ದರೆ, ಪಾಸಿಟಿವ್ ಕಡೆಯ ಫ್ಯೂಸ್, ಇಗ್ನಿಷನ್ ಸ್ವಿಚ್ಚು, ಡಿಪ್ ಸ್ವಿಚ್ಚುಗಳನ್ನೂ ಹೀಗೆಯೇ ಅಳೆಯಿರಿ.