ನೀರು ಕಡಿಮೆ, ಬೇರು ಆಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬರ ತಡೆಯುತ್ತವೆ ಎಂದು ಅಡೇನಿಯಂ, ಲೋಳೆಸರ, ಬೋಗನ್‌ವಿಲ್ಲಾ ನೆಟ್ಟೆವು. ದಿನಾ ಸಂಜೆ ತಪ್ಪದೆ ಒಂದೊಂದು ಚೊಂಬು ನೀರು ಹಾಕಿದೆವು. ಮೊದಲೆರಡರ ಬುಡ ಮೆತ್ತಗಾಗಿ ಕೊಳೆಯಿತು, ಬೋಗನ್‌ವಿಲ್ಲಾ ಬರೀ ಎಲೆ ಬಿಡುತ್ತಿದೆ. ಏಕೆ?

ಉತ್ತರ: ದಿನಾ ಹಾಕಿದ ಆ ಚೊಂಬೇ ಕಾರಣ. ಅಷ್ಟು ನೀರಿಗೆ ಮೇಲ್ಮಣ್ಣು ಸದಾ ಒದ್ದೆ, ಒಂದು ಗೇಣು ಕೆಳಗೆ ಒಣ. ನೀರು ಮೇಲೆಯೇ ಸಿಗುವಾಗ ಬೇರು ಆಳಕ್ಕಿಳಿಯುವುದಿಲ್ಲ. ಗಾಳಿಯಾಡದ ಬುಡಕ್ಕೆ ಶಿಲೀಂಧ್ರ ಹತ್ತುತ್ತದೆ. ಬೇರು ಕೊಳೆತ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುವುದರಿಂದ, ಕಂಡವರು ಇನ್ನೊಂದು ಚೊಂಬು ಸುರಿದು ಅದನ್ನು ಮುಗಿಸಿಬಿಡುತ್ತಾರೆ. ಗಿಡ ಬಾಡಿದರೆ ಮೊದಲು ಬುಡದ ಪಕ್ಕ ಕಡ್ಡಿ ಚುಚ್ಚಿ ನೋಡಿ. ಹಸಿಮಣ್ಣು ಅಂಟಿ ಬಂದರೆ ನೀರು ಬೇಡ. ಬೋಗನ್‌ವಿಲ್ಲಾ ಹೂ ಬಿಡಬೇಕಾದರೆ ಒಂದು ಸಲ ನೀರು ಹಾಕಿದ ಮೇಲೆ ಮುಂದಿನ ಸಲದೊಳಗೆ ಮಣ್ಣು ಒಣಗಬೇಕು. ಸಾರಜನಕದ ಗೊಬ್ಬರವನ್ನೂ ನಿಲ್ಲಿಸಿ.

ಮತ್ತೆ ನೆಡುವ ಮೊದಲು ನೆಲ ಬಸಿಯುತ್ತದೆಯೇ ನೋಡಿ. 30 ಸೆಂ.ಮೀ. ಆಳದ ಗುಂಡಿಗೆ ನೀರು ತುಂಬಿಸಿ, ಪೂರ್ತಿ ಇಂಗಿದ ಮೇಲೆ ಮತ್ತೆ ತುಂಬಿಸಿ ಅಳೆಯಿರಿ. ಗಂಟೆಗೆ 2ರಿಂದ 5 ಸೆಂ.ಮೀ. ಇಳಿದರೆ ಚಿಂತೆಯಿಲ್ಲ. ಒಂದು ಸೆಂ.ಮೀ. ಕೂಡ ಇಳಿಯದಿದ್ದರೆ 20–30 ಸೆಂ.ಮೀ. ಎತ್ತರದ ಏರುಮಡಿ ಮಾಡಿ ಅದರ ಮೇಲೆ ನೆಡಿ. ಗುಂಡಿಯ ಆಳ ಬೇರಿನ ಹೆಂಟೆಯಷ್ಟೇ ಇರಲಿ, ಅಗಲ ಎರಡು ಪಟ್ಟು. ಗುಂಡಿಗೆ ಬರೀ ಗೊಬ್ಬರ ತುಂಬುವ ಅಭ್ಯಾಸ ಬಿಡಿ. ಜಿಗುಟು ನೆಲದಲ್ಲಿ ಅಂಥ ಗುಂಡಿ ಬೋಗುಣಿಯಂತೆ ನೀರು ಹಿಡಿದಿಡುತ್ತದೆ, ಬೇರು ಅದರೊಳಗೇ ಸುತ್ತುತ್ತದೆ.

ಪ್ರಶ್ನೆ: ಹುಲ್ಲುಹಾಸು ತೆಗೆದು ಏನು ನೆಡಬಹುದು?

ಉತ್ತರ: ಪಟ್ಟಿಗಿಂತ ಜೋಡಣೆ ಮುಖ್ಯ. ಸಮಾನ ಬಾಯಾರಿಕೆಯ ಗಿಡಗಳು ಒಂದೇ ಕಡೆ ಇರಲಿ. ಬಿಸಿಲಿನ ಅಂಚಿಗೆ ಬೋಗನ್‌ವಿಲ್ಲಾ, ದೇವಕಣಗಿಲೆ, ಬಂದರಿಕೆ. ಮುಂದಿನ ಸಾಲಿಗೆ ನಿತ್ಯಪುಷ್ಪ, ಲೋಳೆಸರ. ನೆಲ ಮುಚ್ಚಲು ಟೇಬಲ್ ರೋಸ್. ಕಣಗಿಲೆಯೂ ಬರ ತಡೆಯುತ್ತದೆ, ಆದರೆ ಇಡೀ ಗಿಡ ವಿಷ. ಮಕ್ಕಳು, ದನಕರು ಓಡಾಡುವಲ್ಲಿ ಬೇಡ. ದಾಸವಾಳ, ಗುಲಾಬಿ ಬೇಕೆಂದರೆ ನಲ್ಲಿಯ ಹತ್ತಿರ ಒಂದು ಗುಂಪು ಮಾಡಿ. ಲೋಳೆಸರದ ಮಗ್ಗುಲಲ್ಲಿ ಗುಲಾಬಿ ನೆಟ್ಟರೆ ಎರಡರಲ್ಲೊಂದು ಸಾಯುವುದು ಖಚಿತ.

ಪ್ರಶ್ನೆ: ಹನಿ ನೀರಾವರಿ ಹಾಕಿಸಿದ್ದೇವೆ. ಎಷ್ಟು ಹೊತ್ತು ಬಿಡಬೇಕು?

ಉತ್ತರ: ಡ್ರಿಪ್ಪರ್ (ನೀರು ತೊಟ್ಟಿಕ್ಕುವ ಮೂತಿ) ಗಂಟೆಗೆ ಎಷ್ಟು ಲೀಟರ್ ಬಿಡುತ್ತದೆಂದು ತಿಳಿದರೆ ಲೆಕ್ಕ ಸುಲಭ. ಪೊದೆಗಿಡವೊಂದಕ್ಕೆ 4 ಲೀಟರಿನ ಎರಡು ಡ್ರಿಪ್ಪರ್ ಇದ್ದರೆ ಒಂದೂವರೆ ಗಂಟೆಗೆ 12 ಲೀಟರ್. ಮರುದಿನ ಅಗೆದು ನೋಡಿ. ತೇವ 30 ಸೆಂ.ಮೀ. ಇಳಿದಿರಬೇಕು. ಇಳಿಯದಿದ್ದರೆ ಹೊತ್ತು ಹೆಚ್ಚಿಸಿ, ಸರದಿಯನ್ನಲ್ಲ. ನೀರು ಹರಿದು ಹೋಗುವ ಜಿಗುಟು ನೆಲವಾದರೆ ಅದೇ ಹೊತ್ತನ್ನು ಎರಡು ಕಂತು ಮಾಡಿ, ನಡುವೆ ಒಂದು ಗಂಟೆ ಬಿಡುವು ಕೊಡಿ. ಮಳೆಯಿಲ್ಲದಾಗ ಹೊಸ ಗಿಡಕ್ಕೆ ಮೊದಲ ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ, ವರ್ಷ ತುಂಬುವ ಹೊತ್ತಿಗೆ ಹತ್ತು-ಹದಿನೈದು ದಿನಕ್ಕೊಮ್ಮೆ. ಮರಳು ನೆಲಕ್ಕೆ ಅಂತರ ಇನ್ನೂ ಕಡಿಮೆ ಇರಲಿ. ಬರ ತಡೆಯುವ ಗುಣ ಬೇರೂರಿದ ಮೇಲಿನದು. ಮೊದಲ ವರ್ಷ ಎಲ್ಲವೂ ಎಳೆಗೂಸುಗಳೇ.

ಗಿಡ ಬೆಳೆದಂತೆ ಡ್ರಿಪ್ಪರನ್ನು ಬುಡದಿಂದ ಎಲೆಹರವಿನ ಅಂಚಿನ ಕಡೆಗೆ ಸರಿಸಿ. ಬಹಳ ಜನ ಮರೆಯುವುದು ಇದನ್ನೇ. ಫಿಲ್ಟರ್ ತಿಂಗಳಿಗೊಮ್ಮೆ ತೊಳೆಯಿರಿ, ಆಗಾಗ ಪೈಪಿನ ತುದಿಯ ಮುಚ್ಚಳ ತೆಗೆದು ಕೆಸರು ಹೊರಬಿಡಿ.

ಪ್ರಶ್ನೆ: ಕಳೆ ಬರದಿರಲೆಂದು ಪ್ಲಾಸ್ಟಿಕ್ ಹಾಸಿ ಮೇಲೆ ಜಲ್ಲಿ ಸುರಿದೆವು. ಗಿಡಗಳು ಸೊರಗುತ್ತಿವೆ.

ಉತ್ತರ: ಪ್ಲಾಸ್ಟಿಕ್ ತೆಗೆಯಿರಿ. ಮಳೆನೀರಿಗೂ ಗಾಳಿಗೂ ಅದು ಅಡ್ಡ. ಜಲ್ಲಿ ಬಿಸಿಲಿಗೆ ಕಾದು ಮೆದು ಎಲೆಯ ಗಿಡಗಳನ್ನು ಸುಡುತ್ತದೆ. ಕಳ್ಳಿ, ಲೋಳೆಸರಕ್ಕೆ ಮಾತ್ರ ಉಳಿಸಿಕೊಳ್ಳಿ. ಉಳಿದೆಡೆ ಒಣ ಎಲೆ, ತೊಗಟೆ ಚೂರು 5–8 ಸೆಂ.ಮೀ. ದಪ್ಪ ಹರಡಿ, ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಖಾಲಿ ಬಿಡಿ. ನುಣ್ಣನೆಯ ಮರದ ಹೊಟ್ಟು ಬೇಡ, ಅದು ಹೆಪ್ಪುಗಟ್ಟಿ ನೀರನ್ನು ಮೇಲೆಯೇ ತಡೆಯುತ್ತದೆ.

ಪ್ರಶ್ನೆ: ತೆಂಗಿನ ನಾರಿನ ಪುಡಿ ತುಂಬಿದ ಕುಂಡಕ್ಕೆ ಹಾಕಿದ ನೀರು ತಕ್ಷಣ ಕೆಳಗೆ ಸೋರುತ್ತದೆ, ಗಿಡ ಮಾತ್ರ ಒಣಗುತ್ತಿದೆ.

ಉತ್ತರ: ಪೂರ್ತಿ ಒಣಗಿದ ತೆಂಗಿನ ನಾರಿನ ಪುಡಿ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿದೆ, ಆ ಸಂದಿನಲ್ಲೇ ನೀರು ಜಾರುತ್ತಿದೆ. ಕುಂಡವನ್ನು ಬಕೆಟ್ ನೀರಲ್ಲಿ ಗುಳ್ಳೆ ನಿಲ್ಲುವವರೆಗೆ ಇಟ್ಟು ತೆಗೆಯಿರಿ.

ಪ್ರಶ್ನೆ: ಆರ್‌ಒ ಯಂತ್ರದ ತ್ಯಾಜ್ಯ ನೀರು ಹಾಕಬಹುದೇ?

ಉತ್ತರ: ಅದರಲ್ಲಿ ಲವಣ ಹೆಚ್ಚು. ಒಂದೇ ಜಾಗಕ್ಕೆ ದಿನವೂ ಬೇಡ, ಕುಂಡಕ್ಕಂತೂ ಬೇಡವೇ ಬೇಡ. ನೆಲದ ಗಟ್ಟಿ ಗಿಡಗಳಿಗೆ ಸಿಹಿನೀರಿನೊಂದಿಗೆ ಬೆರೆಸಿ ಅಥವಾ ಸರದಿಯಂತೆ ಹಾಕಿ. ಎಲೆಯಂಚು ಸುಟ್ಟಂತಾಗಿ ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ನಿಲ್ಲಿಸಿ, ಸಿಹಿನೀರನ್ನು ಧಾರಾಳವಾಗಿ ಹರಿಸಿ ಲವಣ ಕೆಳಗಿಳಿಸಿ.