ಕರ್ನಲ್ ಬದಲಾದ ಮೇಲೆ ಕಾಣೆಯಾದ ಡಿಸ್ಕ್

ಪ್ರಶ್ನೆ: ನಮ್ಮ ಮುದ್ರಣಾಲಯದ ಲಿನಕ್ಸ್ ಕಂಪ್ಯೂಟರಿಗೆ ಅಗ್ಗದ ಸಾಟಾ ಕಾರ್ಡೊಂದನ್ನು ಹಾಕಿಸಿ, ಹಳೆಯ ಕಡತಗಳಿಗಾಗಿ 4 ಟಿಬಿ ಡಿಸ್ಕ್ ಜೋಡಿಸಿದ್ದೇವೆ. ಮೂರು ವರ್ಷ ಯಾವ ತೊಂದರೆಯೂ ಇರಲಿಲ್ಲ. ಕಳೆದ ವಾರ ಲಿನಕ್ಸಿನ ತಿರುಳಾದ ಕರ್ನಲ್ ಅಪ್‌ಗ್ರೇಡ್ ಆದಂದಿನಿಂದ ಡಿಸ್ಕ್ ಕಾಣಿಸುತ್ತಿಲ್ಲ. ಲಾಗ್‌ನಲ್ಲಿ ‘ಡಿಎಂಎಆರ್’ ಎಂದು ಆರಂಭವಾಗುವ ಸಾಲುಗಳಿದ್ದು, 03:00.1 ಎಂಬ ಸಾಧನದ ಮುಂದೆ ‘ಪ್ರೆಸೆಂಟ್ ಬಿಟ್ ಇನ್ ಕಾಂಟೆಕ್ಸ್ಟ್ ಎಂಟ್ರಿ ಈಸ್ ಕ್ಲಿಯರ್’ ಎಂಬ ದೋಷ ಬರುತ್ತಿದೆ. ಅಂಗಡಿಯವರು ಡಿಸ್ಕ್ ಕೆಟ್ಟಿದೆ ಎನ್ನುತ್ತಾರೆ. ಹೊಸದನ್ನು ಕೊಳ್ಳಬೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ಕಂಪ್ಯೂಟರ್ ಆರಂಭವಾಗುವಾಗ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ಗೆ ಹೋಗಿ ಹಳೆಯ ಕರ್ನಲನ್ನು ಆರಿಸಿಕೊಳ್ಳಿ. ಡಿಸ್ಕ್ ಮೊದಲಿನಂತೆ ತೆರೆದುಕೊಂಡರೆ ಅಂಗಡಿಯವರ ಮಾತು ಬಹುಮಟ್ಟಿಗೆ ಅಲ್ಲಿಗೇ ಬಿದ್ದುಹೋಗುತ್ತದೆ. ಕಡತಗಳ ಇನ್ನೊಂದು ಪ್ರತಿ ನಿಮ್ಮಲ್ಲಿ ಇಲ್ಲವಾದರೆ ಆ ಕ್ಷಣವೇ ಮಾಡಿಕೊಳ್ಳಿ. ಹೊಸ ಕರ್ನಲ್‌ನಲ್ಲಿ ದೋಷ ಬರುತ್ತಿರುವಾಗ ಮಾತ್ರ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮನ್ನು ಸರಿಪಡಿಸುವ ‘ಎಫ್‌ಎಸ್‌ಸಿಕೆ’ ಓಡಿಸಬೇಡಿ. ದಾರಿಯೇ ಕೆಟ್ಟಿರುವಾಗ ರಿಪೇರಿಗೆ ಹೊರಟರೆ ಚೆನ್ನಾಗಿರುವ ಫೈಲ್ ಸಿಸ್ಟಮ್ ಕೂಡ ಹಾಳಾಗಬಹುದು.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು 03:00.1 ಎಂಬ ಸಂಖ್ಯೆ. ಕಂಪ್ಯೂಟರಿನ ಕಾರ್ಡುಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಪಿಸಿಐ’ ಆದೇಶ ಕೊಟ್ಟು ನೋಡಿ: ನಿಮ್ಮ ಕಾರ್ಡ್ ಅಲ್ಲಿ 03:00.0 ಎಂದು ಮಾತ್ರ ಇದ್ದು, ಕೊನೆಯಲ್ಲಿ 1 ಇರುವ ಸಾಧನವೇ ಇರಲಾರದು. ಕೆಲವು ಅಗ್ಗದ ಸಾಟಾ ಚಿಪ್‌ಗಳಿಗೆ ಈ ಕೆಟ್ಟ ಚಾಳಿ ಇದೆ. ಪ್ರೊಸೆಸರಿನ ನೆರವಿಲ್ಲದೆ ನೇರವಾಗಿ ಮೆಮೊರಿಗೆ ಬರೆಯುವಾಗ, ಅಂದರೆ ಡಿಎಂಎ ನಡೆಸುವಾಗ, ಅವು ತಮ್ಮದಲ್ಲದ ಸಂಖ್ಯೆಯನ್ನು ಹೇಳಿಕೊಳ್ಳುತ್ತವೆ. ಯಾವ ಸಾಧನ ಮೆಮೊರಿಯ ಯಾವ ಭಾಗವನ್ನು ಮುಟ್ಟಬಹುದು ಎಂಬ ಪಟ್ಟಿ ಹಿಡಿದು ಕಾಯುವ ಐಒಎಂಎಂಯು ಎಂಬ ಘಟಕ ಚಾಲೂ ಇಲ್ಲದಿದ್ದಾಗ ಈ ಸುಳ್ಳನ್ನು ಯಾರೂ ವಿಚಾರಿಸುವುದಿಲ್ಲ. ಅದು ಚಾಲೂ ಆದೊಡನೆ, ಪಟ್ಟಿಯಲ್ಲಿ 03:00.1 ಇಲ್ಲವೆಂದು ತಡೆಯುತ್ತದೆ. ನಿಮಗೆ ಬಂದ ದೋಷದ ಅರ್ಥ ಇಷ್ಟೇ; ‘ಡಿಎಂಎಆರ್’ ಎಂಬುದು ಇಂಟೆಲ್ ಯಂತ್ರಗಳಲ್ಲಿ ಐಒಎಂಎಂಯು ಬರೆಸುವ ಸಾಲುಗಳ ಗುರುತು.

ಐಒಎಂಎಂಯುವನ್ನು ತಾನಾಗಿಯೇ ಚಾಲೂ ಮಾಡಬೇಕೇ ಬೇಡವೇ ಎಂಬುದು ಕರ್ನಲ್ ಕಟ್ಟುವವರ ಆಯ್ಕೆ, ಮತ್ತು ಅದು ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು. ‘ಬೂಟ್’ ಫೋಲ್ಡರಿನಲ್ಲಿ ಎರಡೂ ಕರ್ನಲ್‌ಗಳ ಕಾನ್ಫಿಗ್ ಕಡತಗಳಿರುತ್ತವೆ. ‘ಇಂಟೆಲ್ ಐಒಎಂಎಂಯು ಡಿಫಾಲ್ಟ್ ಆನ್’ ಎಂಬ ಸಾಲನ್ನು ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಇಂಥ ಚಿಪ್‌ಗಳ ತಪ್ಪು ಸಂಖ್ಯೆಯನ್ನು ಒಪ್ಪಿಕೊಳ್ಳುವ ವಿನಾಯಿತಿ ಪಟ್ಟಿಯೊಂದು ಕರ್ನಲ್‌ನಲ್ಲಿ 2014ರಿಂದಲೇ ಇದೆ, ಆದರೆ ಅದು ಚಿಪ್ಪಿನ ಗುರುತು ಸಂಖ್ಯೆಯನ್ನು ನೋಡಿಯೇ ಕೆಲಸ ಮಾಡುವುದರಿಂದ, ನಿಮ್ಮ ಚಿಪ್ ಅದರಲ್ಲಿ ಸೇರಿರದಿದ್ದರೆ ಪ್ರಯೋಜನವಿಲ್ಲ.

ಪರೀಕ್ಷೆಗಾಗಿ ಹೊಸ ಕರ್ನಲನ್ನೇ ಆರಿಸಿ, ಗ್ರಬ್‌ನಲ್ಲಿ ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ಇಂಟೆಲ್_ಐಒಎಂಎಂಯು=ಆಫ್’ ಎಂಬುದನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಸೇರಿಸಿ ಎಫ್10 ಒತ್ತಿರಿ. ಈ ಬದಲಾವಣೆ ಒಂದು ಬಾರಿಗೆ ಮಾತ್ರ. ಡಿಸ್ಕ್ ಕಾಣಿಸಿದರೆ ಅದನ್ನೇ ಗ್ರಬ್‌ನ ಡಿಫಾಲ್ಟ್ ಕಡತದಲ್ಲಿ ಬರೆದು, ಡೆಬಿಯನ್ ಅಥವಾ ಉಬುಂಟು ಆಗಿದ್ದರೆ ‘ಅಪ್‌ಡೇಟ್-ಗ್ರಬ್’ ಓಡಿಸಿ. ಅದರ ಬದಲು, ಸಾಧನಗಳಿಗೆ ಮೆಮೊರಿಯನ್ನು ನೇರವಾಗಿ ಬಿಟ್ಟುಕೊಡುವ ‘ಐಒಎಂಎಂಯು=ಪಿಟಿ’ ಹಾಕಿದರೆ ಸಾಕು ಎಂದು ಹಲವರು ಹೇಳುವುದುಂಟು; ಇಲ್ಲದ ಸಾಧನಕ್ಕೆ ಪಟ್ಟಿಯಲ್ಲಿ ಆಗಲೂ ಜಾಗವಿರುವುದಿಲ್ಲವಾದ್ದರಿಂದ ಈ ದೋಷಕ್ಕೆ ನಾನು ಅದನ್ನು ನಂಬುವುದಿಲ್ಲ.

ಐಒಎಂಎಂಯುವನ್ನು ಆಫ್ ಮಾಡಿದರೆ ವರ್ಚುವಲ್ ಯಂತ್ರಕ್ಕೆ (ಕಂಪ್ಯೂಟರಿನೊಳಗೆ ಓಡಿಸುವ ಇನ್ನೊಂದು ಕಂಪ್ಯೂಟರಿಗೆ) ಪಿಸಿಐ ಕಾರ್ಡನ್ನು ನೇರವಾಗಿ ಒಪ್ಪಿಸಲು ಆಗದು, ಮೆಮೊರಿಗಿದ್ದ ಕಾವಲೂ ಹೋಗುತ್ತದೆ. ಆದ್ದರಿಂದ ಮುಂದೆಂದಾದರೂ ಬೇರೆ ಚಿಪ್ಪಿನ ಕಾರ್ಡ್ ಹಾಕಿಸುವುದು ಒಳ್ಳೆಯದು. ಡಿಸ್ಕಿನ ಬಗ್ಗೆ ಇನ್ನೂ ಅನುಮಾನವಿದ್ದರೆ ಡಿಸ್ಕಿನ ಆರೋಗ್ಯ ತೋರಿಸುವ ‘ಸ್ಮಾರ್ಟ್‌ಸಿಟಿಎಲ್’ ವರದಿ ತೆಗೆಯಿರಿ: ಐಡಿ 5 ಇರುವ ಸಾಲಿನ ಕೊನೆಯ ಎಣಿಕೆ ಏರುತ್ತಿದ್ದರೆ ಡಿಸ್ಕ್ ಸವೆಯುತ್ತಿದೆ, ಐಡಿ 199 ಇರುವ ಸಾಲಿನದು ಏರುತ್ತಿದ್ದರೆ ಮೊದಲು ಕೇಬಲ್ ಬದಲಾಯಿಸಿ.